ಕೇಸ್ ಪೇಪರಿನಿಂದ ಶುರುವಾಗುವ ಫೊರೆನ್ಸಿಕ್ ಪಾಠ

"ಕಾಲುವೆಯಲ್ಲಿ ಅಪರಿಚಿತ ಶವ ಪತ್ತೆ." ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಪೇಪರ್‌ಗಳ ಜಿಲ್ಲಾ ಪುಟದಲ್ಲಿ ಈ ತಲೆಬರಹ ಹೊಸದೇನಲ್ಲ. ಕೆಳಗೆ ನಾಲ್ಕೈದು ಸಾಲು ಇರುತ್ತವೆ. ವಯಸ್ಸು ಅಂದಾಜು ಇಷ್ಟು, ದುಂಡು ಮುಖ, ಮೈಮೇಲೆ ಇಂಥ ಬಣ್ಣದ ಅಂಗಿ, ಸಂಬಂಧಪಟ್ಟವರು ಠಾಣೆಗೆ ತಿಳಿಸಿ. ಹಲ್ಲಿನ ಬಗ್ಗೆ ಒಂದು ಸಾಲು ಇರುವುದು ತೀರಾ ಅಪರೂಪ. ಕೆಲವು ದಿನ ನೀರಲ್ಲಿದ್ದ ದೇಹದ ಮುಖವನ್ನು ಹೆತ್ತವರೂ ಗುರುತು ಹಿಡಿಯಲಾರರು. ಅಂಥ ಅಂಗಿ ಸಂತೆಯಲ್ಲಿ ನೂರು ಜನ ಕೊಂಡಿರುತ್ತಾರೆ. ಹಲ್ಲು ಮಾತ್ರ ಇದ್ದ ಹಾಗೇ ಇರುತ್ತದೆ.

ಗುರುತು ಸಿಗದಿದ್ದರೆ ಮನೆಯವರ ಪಾಡು ಏನಾಗುತ್ತದೆ ನೋಡಿ. ಮರಣ ಪ್ರಮಾಣಪತ್ರ ಸಿಗುವುದಿಲ್ಲ. ಅದಿಲ್ಲದೆ ವಿಮೆ ಹಣ ಬರುವುದಿಲ್ಲ, ವಿಧವಾ ವೇತನ ಬರುವುದಿಲ್ಲ, ಹೊಲದ ಪೌತಿ ಖಾತೆ ಆಗುವುದಿಲ್ಲ. ಕಾಣೆಯಾದವರು ತೀರಿಕೊಂಡಿದ್ದಾರೆ ಅಂತ ಕಾನೂನು ಭಾವಿಸಬೇಕಾದರೆ 7 ವರ್ಷ ಸುದ್ದಿಯಿಲ್ಲದೆ ಕಳೆಯಬೇಕು. ಅಲ್ಲಿಯವರೆಗೆ ಆ ಮನೆಯಾಕೆ ಹಣೆಗೆ ಕುಂಕುಮ ಇಡಬೇಕೋ ಬಿಡಬೇಕೋ ಎಂಬುದೂ ಊರವರ ಬಾಯಿಗೆ ಬೀಳುತ್ತದೆ.

ಇಲ್ಲಿ ಹಲ್ಲಿನ ಡಾಕ್ಟರ್ ಮಾಡಬಹುದಾದ ಕೆಲಸ ಬಹಳ ಇದೆ. ಹಲ್ಲಿನ ಮೂಲಕ ಗುರುತು ಹಿಡಿಯುವುದು, ವಯಸ್ಸು ಅಂದಾಜು ಮಾಡುವುದು, ಕಚ್ಚಿದ ಗಾಯ ಪರೀಕ್ಷಿಸುವುದು, ಅದನ್ನೆಲ್ಲ ಕೋರ್ಟಿಗೆ ತಿಳಿಯುವ ಹಾಗೆ ಹೇಳುವುದು. ಇಷ್ಟೂ ಸೇರಿ ಫೊರೆನ್ಸಿಕ್ ಡೆಂಟಿಸ್ಟ್ರಿ. ನಮ್ಮ ಮೂರೂ ಊರುಗಳಲ್ಲಿ ಡೆಂಟಲ್ ಕಾಲೇಜುಗಳಿವೆ. ಬಿಡಿಎಸ್ ಪಠ್ಯದಲ್ಲಿ ಈ ವಿಷಯವೂ ಇದೆ, ಓರಲ್ ಪ್ಯಾಥಾಲಜಿಯ (ಬಾಯಿಯ ರೋಗಗಳ ಪಾಠ) ಬೆನ್ನಿಗೆ ಅಂಟಿಕೊಂಡ ಒಂದು ಅಧ್ಯಾಯವಾಗಿ. ಪರೀಕ್ಷೆ ಹತ್ತಿರ ಬಂದಾಗ ಎರಡು ಕ್ಲಾಸಿನಲ್ಲಿ ಮುಗಿಸಿಬಿಡುತ್ತಾರೆ. "ಸರ್, ನಾವೇನು ಪೊಲೀಸ್ ಕೆಲಸಕ್ಕ ಹೋಗ್ತೀವೇನ್ರಿ?" ಅಂತ ವಿದ್ಯಾರ್ಥಿಗಳು ಕೇಳುವುದೂ ಉಂಟು.

ಹೋಗುವುದಿಲ್ಲ, ನಿಜ. ನೂರರಲ್ಲಿ ಒಬ್ಬರು ಹೋದರೆ ಹೆಚ್ಚು. ಆದರೂ ಈ ಪಾಠ ನೂರೂ ಜನರಿಗೆ ಬೇಕು ಅನ್ನುವುದೇ ನನ್ನ ವಾದ. ಯಾಕೆಂದರೆ ಶವದ ಹಲ್ಲು ನೋಡುವುದು ಅರ್ಧ ಕೆಲಸ. ಉಳಿದ ಅರ್ಧ, ಆ ಮನುಷ್ಯ ಬದುಕಿದ್ದಾಗ ಜಮಖಂಡಿಯಲ್ಲೋ ಗೋಕಾಕದಲ್ಲೋ ಸಿಂದಗಿಯಲ್ಲೋ ಒಬ್ಬ ಡಾಕ್ಟರ್ ಬರೆದಿಟ್ಟ ಕೇಸ್ ಪೇಪರ್. ಅದು ಸರಿಯಿಲ್ಲದಿದ್ದರೆ ಎಂಥ ತಜ್ಞ ಬಂದರೂ ಕೈಚೆಲ್ಲಬೇಕು.

ಹಲ್ಲು ಯಾಕೆ ಗುರುತಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಹಲ್ಲಿನ ಮೇಲಿನ ಎನಾಮಲ್ ನಮ್ಮ ದೇಹದಲ್ಲೇ ಗಟ್ಟಿ ಪದಾರ್ಥ. ತೂಕದಲ್ಲಿ ಸುಮಾರು 96 ಭಾಗ ಖನಿಜ. ಮಣ್ಣಲ್ಲಿ ಹೂತರೂ ನೀರಲ್ಲಿ ನೆನೆದರೂ ಬೇಗ ಹಾಳಾಗುವುದಿಲ್ಲ. ದೊಡ್ಡವರ ಬಾಯಲ್ಲಿ 32 ಹಲ್ಲು. ಒಂದೊಂದಕ್ಕೆ ಐದು ಮುಖ ಅಂತ ಹಿಡಿದರೆ 160 ಮುಖ. ಒಂದು ಕಡೆ ಹುಳುಕು, ಇನ್ನೊಂದು ಕಡೆ ಬೆಳ್ಳಿ ತುಂಬಿಸಿದ್ದು, ಒಂದು ಕಿತ್ತದ್ದು, ಒಂದು ತಿರುಚಿಕೊಂಡದ್ದು, ಒಂದಕ್ಕೆ ಕ್ಯಾಪ್. ಇವೆಲ್ಲ ಸೇರಿದರೆ ಇಬ್ಬರ ಬಾಯಿ ಒಂದೇ ತರ ಇರುವುದು ಕಷ್ಟ. ಹಾಗಾಗಿಯೇ ದುರಂತಗಳಲ್ಲಿ ಸತ್ತವರ ಗುರುತಿಗೆ ಇಂಟರ್‌ಪೋಲ್ ಮುಖ್ಯ ಆಧಾರ ಅಂತ ಒಪ್ಪಿರುವುದು ಮೂರನ್ನು ಮಾತ್ರ: ಬೆರಳಚ್ಚು, ಡಿಎನ್‌ಎ, ಹಲ್ಲು. ಅಂಗಿ, ಉಂಗುರ, ಹಚ್ಚೆ ಎಲ್ಲ ಆಮೇಲೆ.

ಇನ್ನು ಕಲಿಸುವ ವಿಷಯ. ನನ್ನ ಪ್ರಕಾರ ಪಾಠ ಶುರುವಾಗಬೇಕಾದದ್ದು ಶವಾಗಾರದಲ್ಲಿ ಅಲ್ಲ, ಒಪಿಡಿಯಲ್ಲಿ. ರೋಗಿ ಬರುತ್ತಾರೆ. "ಡಾಕ್ಟರ್ರ, ಈ ದವಡಿ ಹಲ್ಲು ಒಂದ್ ಭಾಳ ನೋಯಾಕತ್ತೈತಿ, ಅದನ್ನೊಂದು ನೋಡ್ರಿ ಸಾಕು" ಅನ್ನುತ್ತಾರೆ. ವಿದ್ಯಾರ್ಥಿ ಅದೊಂದನ್ನೇ ನೋಡುತ್ತಾನೆ. ಪೇಪರ್ ಮೇಲೆ "36 ಹುಳುಕು" ಅಂತ (36 ಅಂದರೆ ಆ ಹಲ್ಲಿನ ನಂಬರ್) ಬರೆದು ಮುಂದಿನವರನ್ನು ಕರೆಯುತ್ತಾನೆ. ಉಳಿದ 31 ಹಲ್ಲಿನ ಸುದ್ದಿ ಆ ಪೇಪರ್‌ನಲ್ಲಿ ಇಲ್ಲವೇ ಇಲ್ಲ. ಬಾಯಿ ತೆರೆದಿದೆ, ಲೈಟ್ ಇದೆ, ಕೈಯಲ್ಲಿ ಕನ್ನಡಿ ಇದೆ. ಇನ್ನು ನಾಲ್ಕೈದು ನಿಮಿಷ ಕೊಟ್ಟರೆ ಇಡೀ ಬಾಯಿಯ ಚಾರ್ಟ್ ತುಂಬುತ್ತದೆ. ಹುಳುಕು, ಫಿಲ್ಲಿಂಗ್ ಅಷ್ಟೇ ಅಲ್ಲ. ಯಾವ ಹಲ್ಲು ತಿರುಗಿದೆ, ಎಲ್ಲಿ ಸಂದು ಇದೆ, ಯಾವುದರ ತುದಿ ಮುರಿದಿದೆ, ಹೆಚ್ಚಿನ ಹಲ್ಲು ಏನಾದರೂ ಇದೆಯಾ, ಎಲ್ಲ ಬರೆಯಬೇಕು. ಚಿಕಿತ್ಸೆಗೆ ಬೇಡವಾದ ಮಾಹಿತಿಯೇ ಗುರುತಿಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ನಂಬರ್ ಹಾಕುವುದರಲ್ಲೇ ಎಷ್ಟು ಅಪಾಯ ಇದೆ ಅನ್ನುವುದನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ತೋರಿಸಬೇಕು. ನಾವು ಬಳಸುವುದು ಎಫ್‌ಡಿಐ ಪದ್ಧತಿ, ಎರಡು ಅಂಕಿಯದು. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅಂತ ಹೇಳುತ್ತದೆ, ಎರಡನೆಯದು ಮಧ್ಯದಿಂದ ಎಷ್ಟನೇ ಹಲ್ಲು ಅಂತ. 16 ಅಂದರೆ ಮೇಲಿನ ಬಲಗಡೆಯ ಮೊದಲನೇ ದವಡೆ ಹಲ್ಲು. ಅಮೆರಿಕದ ಡಾಕ್ಟರ್ 16 ಅಂತ ಬರೆದರೆ ಅದು ಮೇಲಿನ ಎಡಗಡೆಯ ಬುದ್ಧಿಹಲ್ಲು. ಅಲ್ಲಿ 1ರಿಂದ 32ರ ತನಕ ಸಾಲಾಗಿ ಎಣಿಸುತ್ತಾರೆ. ನಮ್ಮಲ್ಲೇ ಹಳೇ ಡಾಕ್ಟರ್‌ಗಳು ಕೂಡು ಗೆರೆ ಎಳೆದು ನಾಲ್ಕು ಮೂಲೆ ಮಾಡಿ ಬರೆಯುವ ರೂಢಿ ಇಟ್ಟುಕೊಂಡಿದ್ದಾರೆ. ಯಾವ ಪದ್ಧತಿ ಅಂತ ಬರೆಯದ ಚಾರ್ಟ್ ಓದಿದವನು ಬಲವನ್ನು ಎಡ ಮಾಡಿಬಿಡಬಹುದು. ಎಕ್ಸ್‌ರೇ ಫಿಲ್ಮ್ ಕೂಡ ಹಾಗೇ. ಅದರ ಒಂದು ಮೂಲೆಯಲ್ಲಿ ಉಬ್ಬಿದ ಚುಕ್ಕೆ ಇರುತ್ತದೆ. ಚುಕ್ಕೆ ಯಾವ ಕಡೆ ಅಂತ ನೋಡದೆ ಫಿಲ್ಮ್ ತಿರುಗಿಸಿ ಹಿಡಿದರೆ ಎಡದವಡೆ ಬಲದವಡೆ ಆಗುತ್ತದೆ. ಬದುಕಿರುವ ರೋಗಿಯಲ್ಲಿ ಈ ತಪ್ಪನ್ನು ಬಾಯಿ ತೆರೆಸಿ ತಿದ್ದಿಕೊಳ್ಳಬಹುದು. ಹತ್ತು ವರ್ಷದ ಮೇಲೆ, ಬರೀ ಪೇಪರ್ ಕೈಯಲ್ಲಿ ಹಿಡಿದವನಿಗೆ ಆ ಅನುಕೂಲ ಇಲ್ಲ.

ಚಾರ್ಟ್ ಬರೆಯಲು ಕೈ ಕೂತ ಮೇಲೆ ಹೋಲಿಕೆಯ ಪಾಠ. ಈ ವಿಷಯದ ಜೀವ ಇರುವುದು ಇಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಭ್ಯಾಸಕ್ಕೆ ಅಂತಲೇ ಕಟ್ಟಿದ ಒಂದು ಕೇಸು ಇಲ್ಲಿದೆ, ನೀವೂ ಬಿಡಿಸಿ ನೋಡಿ.

ಶವದ ಬಾಯಲ್ಲಿ ಕಂಡದ್ದು ಇಷ್ಟು. ಕೆಳಗಿನ ಎಡ ಮೊದಲ ದವಡೆ ಹಲ್ಲು, ಅಂದರೆ 36ಕ್ಕೆ ರೂಟ್ ಕೆನಾಲ್ ಆಗಿ ಲೋಹದ ಕ್ಯಾಪ್ ಕೂತಿದೆ. ಕೆಳಗಿನ ಬಲ ಮೊದಲ ದವಡೆ ಹಲ್ಲು 46 ಇಲ್ಲ, ಅದರ ಜಾಗ ಪೂರ್ತಿ ಮಾಗಿ ಎಲುಬು ನುಣುಪಾಗಿದೆ. ಮೇಲಿನ ಮುಂದಿನ ಹಲ್ಲು 11 ಕೂಡ ಇಲ್ಲ, ಆದರೆ ಅದರ ಕುಳಿ ಖಾಲಿಯಾಗಿ ಅಂಚು ಚೂಪಾಗಿದೆ. ಮೇಲಿನ ಎಡಗಡೆಯ 25 ತಿರುಗಿ ಕೂತಿದೆ. ಕಾಣೆಯಾದ ಮೂವರ ಕೇಸ್ ಪೇಪರ್ ಬಂದಿವೆ. ಮೊದಲನೆಯದು 2016ರದು: 36ರ ಮೇಲ್ಮುಖಕ್ಕೆ ಬೆಳ್ಳಿ ತುಂಬಿಸಿದೆ, 46 ಪೂರ್ತಿ ಹುಳುಕಾಗಿದೆ, ಕೀಳಿಸಲು ಹೇಳಿದೆ. ಎರಡನೆಯದು 2018ರದು: 36 ಮತ್ತು 46 ಎರಡೂ ಕಿತ್ತಿವೆ. ಮೂರನೆಯದು 2020ರದು: "ಕೆಳಗಿನ ಹಲ್ಲು ನೋವು, ಗುಳಿಗೆ ಕೊಟ್ಟಿದೆ."

ಹೊಸ ವಿದ್ಯಾರ್ಥಿಗಳು ಎರಡನೇ ಪೇಪರ್ ಕಡೆ ವಾಲುವುದು ಸಹಜ. ಅದರಲ್ಲೂ 46 ಇಲ್ಲ, ಶವದಲ್ಲೂ ಇಲ್ಲ, ಸರಿಹೋಯ್ತಲ್ಲ ಅನ್ನಿಸುತ್ತದೆ. ಆದರೆ 2018ರಲ್ಲಿ ಕಿತ್ತ 36 ಮತ್ತೆ ಹುಟ್ಟಿ ಕ್ಯಾಪ್ ಹಾಕಿಸಿಕೊಳ್ಳಲು ಸಾಧ್ಯವೇ? ಇಲ್ಲ. ಆ ಒಂದೇ ಮಾತಿಗೆ ಎರಡನೆಯವನು ಪಟ್ಟಿಯಿಂದ ಹೊರಗೆ. ಮೊದಲನೇ ಪೇಪರ್ ಮೇಲ್ನೋಟಕ್ಕೆ ಶವದ ಬಾಯಿಗೆ ಎಲ್ಲೂ ಹೊಂದುವುದಿಲ್ಲ. ಆದರೆ ಪ್ರತಿ ವ್ಯತ್ಯಾಸಕ್ಕೂ ಕಾರಣ ಕೊಡಬಹುದು. ಬೆಳ್ಳಿ ತುಂಬಿಸಿದ ಹಲ್ಲು ಮುಂದೆ ನೋವಾಗಿ ರೂಟ್ ಕೆನಾಲ್ ಆಗಿರಬಹುದು. ಹುಳುಕು ಹಲ್ಲು ಕೀಳಿಸಿ, ಗಾಯ ಮಾಗಿರಬಹುದು. 11 ಹೋಗಿರುವುದು ಸತ್ತ ಮೇಲೆ, ಕುಳಿಯ ಚೂಪು ಅಂಚೇ ಅದನ್ನು ಹೇಳುತ್ತದೆ. ಮುಂದಿನ ಹಲ್ಲುಗಳಿಗೆ ಒಂದೇ ಬೇರು. ಹಿಡಿದಿಟ್ಟ ನಾರು ಕೊಳೆತರೆ ಕಳಚಿ ಬೀಳುತ್ತವೆ.

ಕಾಲ ಮುಂದಕ್ಕೆ ಮಾತ್ರ ಹೋಗುತ್ತದೆ ಅನ್ನುವುದು ಈ ಹೋಲಿಕೆಯ ತಳಹದಿ. ಚೆನ್ನಾಗಿದ್ದ ಹಲ್ಲು ಹುಳುಕಾಗಬಹುದು, ಹುಳುಕಾದದ್ದು ತುಂಬಿಸಬಹುದು, ತುಂಬಿಸಿದ್ದು ಕೀಳಬಹುದು. ಹಿಂದಕ್ಕೆ ಬರುವ ದಾರಿ ಇಲ್ಲ. ಹತ್ತು ಹೋಲಿಕೆ ಸಿಕ್ಕರೂ ಕಾರಣ ಕೊಡಲಾಗದ ಒಂದೇ ವ್ಯತ್ಯಾಸ ಇದ್ದರೆ ಅದು ಆ ಮನುಷ್ಯ ಅಲ್ಲ.

ಹಾಗಂತ ಮೊದಲನೆಯವನೇ ಅಂತ ಖಚಿತವಾಗಿ ಹೇಳಬಹುದೇ? ಇನ್ನೂ ಇಲ್ಲ. "ಇರಬಹುದು" ಅಷ್ಟೇ. 25 ತಿರುಗಿ ಕೂತಿರುವುದು ಸಾಮಾನ್ಯವಾಗಿ ಹಲ್ಲು ಹುಟ್ಟುವಾಗಲೇ ಆಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಗುರುತು ಅದು. 2016ರಲ್ಲಿ ಬರೆದವರು ಅದನ್ನು ಬರೆದೇ ಇಲ್ಲ. ಆಗ ತೆಗೆದ ಒಂದು ಎಕ್ಸ್‌ರೇ ಸಿಕ್ಕರೆ ಬೇರಿನ ಆಕಾರ, ಅದರ ಸೊಟ್ಟ, ಸುತ್ತಲಿನ ಎಲುಬಿನ ಜಾಲ ನೋಡಿ ಖಚಿತ ಅನ್ನಬಹುದು. ಇಷ್ಟು ಅಂಶ ಹೋಲಿದರೆ ಸಾಕು ಅಂತ ಹಲ್ಲಿನಲ್ಲಿ ಲೆಕ್ಕ ಇಲ್ಲ. ಒಂದೇ ಹಲ್ಲಿನ ಒಂದು ಒಳ್ಳೆ ಎಕ್ಸ್‌ರೇ ಸಾಕಾಗಬಹುದು. ಮೂರನೇ ಪೇಪರ್? ಅದರಿಂದ ಹೌದೂ ಅನ್ನಲಾಗದು, ಅಲ್ಲವೂ ಅನ್ನಲಾಗದು. ಖಚಿತ, ಇರಬಹುದು, ಆಧಾರ ಸಾಲದು, ಅವನಲ್ಲ. ವರದಿಯ ಕೊನೆಗೆ ಈ ನಾಲ್ಕರಲ್ಲಿ ಒಂದನ್ನು ಬರೆಯಬೇಕು. ಮೂರನೇ ಪೇಪರಿಗೆ "ಆಧಾರ ಸಾಲದು". ನೋವು, ಗುಳಿಗೆ, ಸಹಿ. ಇಂಥ ಪೇಪರ್ ಎಷ್ಟು ಆಸ್ಪತ್ರೆಗಳಲ್ಲಿ ಪ್ರತಿದಿನ ಬರೆಯುತ್ತಾರೆ ಅಂತ ನೆನೆಸಿಕೊಂಡರೆ ನನಗೆ ಸಂಕಟ ಆಗುತ್ತದೆ.

ಈ ವಿದ್ಯೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1897ರ ಮೇ 4ರಂದು ಪ್ಯಾರಿಸ್ಸಿನ ಒಂದು ದಾನದ ಮೇಳಕ್ಕೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನ, ಬಹುತೇಕ ದೊಡ್ಡ ಮನೆತನದ ಹೆಂಗಸರು, ಸುಟ್ಟುಹೋದರು. ಬಟ್ಟೆ, ಒಡವೆ ನೋಡಿ ಹೆಚ್ಚಿನವರ ಗುರುತು ಸಿಕ್ಕರೂ ಕೆಲವರದು ಉಳಿದೇಹೋಯಿತು. ಆಗ ಅವರವರ ಹಲ್ಲಿನ ಡಾಕ್ಟರ್‌ಗಳನ್ನು ಕರೆಸಿದರು. ಆಸ್ಟ್ರಿಯಾದ ರಾಣಿಯ ತಂಗಿ, ಅಲಾನ್‌ಸಾನ್‌ನ ಡಚೆಸ್ ಸಿಕ್ಕಿದ್ದು ಹೀಗೆ. ಕ್ಯೂಬಾ ಮೂಲದ ಆಸ್ಕರ್ ಅಮೊಯೆಡೊ ಎಂಬ ದಂತವೈದ್ಯರು ಈ ಘಟನೆಯನ್ನು ಕೂಲಂಕಷವಾಗಿ ದಾಖಲಿಸಿ 1898ರಲ್ಲಿ ಪುಸ್ತಕ ಬರೆದರು. ಈ ವಿಷಯದ ಪಿತಾಮಹ ಅಂತ ಅವರ ಹೆಸರನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಆದರೆ ಗುರುತು ಹಿಡಿದವರು ತಮ್ಮ ರೋಗಿಗಳ ಬಾಯಿಯನ್ನು ಬರೆದಿಟ್ಟಿದ್ದ ಸಾಮಾನ್ಯ ಡಾಕ್ಟರ್‌ಗಳು. ಅವರನ್ನೂ ನೆನೆಯಬೇಕು ಅಲ್ವಾ?

ಬೆಂಕಿಯ ಮಾತು ಬಂತು. ಅದನ್ನು ಕಣ್ಣಾರೆ ತೋರಿಸುವ ಒಂದು ಪ್ರಯೋಗ ಯಾವ ಡೆಂಟಲ್ ಕಾಲೇಜಿನಲ್ಲೂ ಮಾಡಬಹುದು. ಕಿತ್ತ ಹಲ್ಲುಗಳಿಗೆ ಬರವಿಲ್ಲ. ಲೋಹದ ಕ್ಯಾಪ್ ಎರಕ ಹೊಯ್ಯುವ ಲ್ಯಾಬಿನಲ್ಲಿ ಕುಲುಮೆ ಇರುತ್ತದೆ. ಶುದ್ಧ ಮಾಡಿದ ಹಲ್ಲುಗಳನ್ನು ಬೇರೆ ಬೇರೆ ಶಾಖಕ್ಕೆ ಇಟ್ಟು ತೆಗೆದು ಸಾಲಾಗಿ ಜೋಡಿಸಿ. 200 ಡಿಗ್ರಿ ಹತ್ತಿರದ್ದು ಹಳದಿ ಮಿಶ್ರಿತ ಕಂದು. 400ರ ಹತ್ತಿರದ್ದು ಕರಿ. 600ಕ್ಕೆ ಬೂದು ಬಣ್ಣ ಬರುತ್ತದೆ. 800 ದಾಟಿದ ಮೇಲೆ ಸುಣ್ಣದ ಕಡ್ಡಿಯಂತೆ ಬಿಳಿ, ಮುಟ್ಟಿದರೆ ಪುಡಿ. ಎನಾಮಲ್ ಬಿರುಕು ಬಿಟ್ಟು ಟೋಪಿಯಂತೆ ಕಳಚಿಕೊಳ್ಳುವುದನ್ನೂ ನೋಡಬಹುದು. ಬೆಳ್ಳಿ ತುಂಬಿಸಿದ ಹಲ್ಲನ್ನು ಮಾತ್ರ ಕುಲುಮೆಗೆ ಹಾಕಕೂಡದು. ಅದರಲ್ಲಿ ಪಾದರಸ ಇರುತ್ತದೆ, ಕಾದರೆ ವಿಷದ ಹಬೆ ಬರುತ್ತದೆ.

ಈ ಸಾಲು ನೋಡಿದ ವಿದ್ಯಾರ್ಥಿಗೆ ಸುಟ್ಟ ದೇಹದ ಬಾಯಿಯನ್ನು ಎಷ್ಟು ಜೋಪಾನವಾಗಿ ಮುಟ್ಟಬೇಕು ಅಂತ ಹೇಳಿಕೊಡಬೇಕಾಗಿಲ್ಲ. ದೇಹ ಎತ್ತುವ ಮೊದಲೇ ಫೋಟೋ, ಸಾಧ್ಯವಾದರೆ ಎಕ್ಸ್‌ರೇ ಕೂಡ. ಪುಡಿಯಾಗುವ ಹಲ್ಲಿನ ಮೇಲೆ ಅಂಟು ಸಿಂಪಡಿಸಿ ಗಟ್ಟಿ ಮಾಡಿಕೊಳ್ಳುವುದು. ಹಿಂದಿನ ದವಡೆ ಹಲ್ಲುಗಳನ್ನು ಕೆನ್ನೆ, ನಾಲಿಗೆ ಕಾಪಾಡಿರುತ್ತವೆ, ಆದ್ದರಿಂದ ಮುಂದಿನವು ಹೋದರೂ ಆಸೆ ಬಿಡಬಾರದು. ಹಲ್ಲಿನೊಳಗಿನ ತಿರುಳಿಗೂ ಹಲ್ಲಿನ ಗಟ್ಟಿ ಪದರಗಳ, ಸುತ್ತಲಿನ ಎಲುಬಿನ ಕಾವಲು ಇರುತ್ತದೆ. ಬೇರೆ ಕಡೆ ಡಿಎನ್‌ಎ ಸಿಗದಿದ್ದಾಗ ಅಲ್ಲಿ ಸಿಗುವುದು ಅದಕ್ಕೇ. 2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ ಡಿಎನ್‌ಎಗಾಗಿ ಹಲ್ಲುಗಳನ್ನು ತೆಗೆದುಕೊಂಡದ್ದೂ ಇದೇ ಕಾರಣಕ್ಕೆ.

ಪುಸ್ತಕದಲ್ಲಿ ಇಲ್ಲದ, ನಮ್ಮ ಜಿಲ್ಲೆಗಳಲ್ಲಿ ಮಾತ್ರ ಕಲಿಸಬಹುದಾದ ಪಾಠವೂ ಇದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಅಲ್ಲಿ ಬೆಳೆದ ಮಕ್ಕಳ ಹಲ್ಲಲ್ಲಿ ಬಿಳಿ, ಕಂದು ಕಲೆ ಸಾಮಾನ್ಯ. ಅಂಥ ಕಲೆಯ ಹಲ್ಲು ಶವದಲ್ಲಿ ಕಂಡರೆ ಏನು ಹೇಳಬಹುದು? ಈ ಮನುಷ್ಯ ಚಿಕ್ಕಂದಿನಲ್ಲಿ, ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂಥ ನೀರು ಕುಡಿದಿದ್ದಾನೆ. ಅಷ್ಟೇ. ಇಡೀ ಊರಿಗೆ ಇರುವ ಕಲೆ ಒಬ್ಬನ ಗುರುತಾಗುವುದಿಲ್ಲ. ಆದರೆ ಪೊಲೀಸರು ಯಾವ ಕಡೆ ವಿಚಾರಿಸಬೇಕು ಅನ್ನುವುದಕ್ಕೆ ಅದು ದಾರಿ ತೋರಿಸಬಹುದು. ಬೆಳಗಾವಿಯ ಗಡಿ ಕಡೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚುವ ಹೆಂಗಸರಿದ್ದಾರೆ. ಗುಟ್ಕಾ, ಎಲೆ ಅಡಿಕೆ, ತಂಬಾಕಿನ ಕಲೆ ಎಲ್ಲ ಕಡೆ ಇದೆ. ಕಲೆ ಎಲ್ಲಿ ದಟ್ಟವಾಗಿದೆ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು ಅನ್ನುವುದನ್ನು ಮನೆಯವರು ಹೇಳಬಲ್ಲರು. ಚಾರ್ಟಿನಲ್ಲಿ ಇದಕ್ಕೂ ಜಾಗ ಇರಬೇಕು.

ಇನ್ನೊಂದು ಕಷ್ಟ ನಮ್ಮದೇ. ಜೀವಮಾನದಲ್ಲಿ ಒಮ್ಮೆಯೂ ಹಲ್ಲಿನ ಡಾಕ್ಟರ್ ಹತ್ತಿರ ಹೋಗದವರು ಹಳ್ಳಿಗಳಲ್ಲಿ ಬಹಳ ಜನ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ ಅಂತ ದುಡಿಯಲು ಹೋಗುವವರ ಕೇಸ್ ಪೇಪರ್ ಎಲ್ಲಿಂದ ತರುವುದು? ಆಗ ಕೈಹಿಡಿಯುವುದು ನಗುವ ಫೋಟೋ. ಈಗ ಪ್ರತಿ ಮನೆಯಲ್ಲಿ ಮೊಬೈಲ್ ಇದೆ, ಮದುವೆ ಆಲ್ಬಮ್ ಇದೆ. ಮುಂದಿನ ಆರು ಹಲ್ಲು ಕಾಣುವ ಫೋಟೋ ಇದ್ದರೆ ಅವುಗಳ ಅಂಚು, ಸಂದು, ಒಂದರ ಮೇಲೊಂದು ಏರಿದ್ದು ಎಲ್ಲ ಹೋಲಿಸಬಹುದು. ದುಃಖದಲ್ಲಿರುವ ಮನೆಯವರ ಮುಂದೆ ಕೂತು ಇದನ್ನು ಕೇಳುವುದೂ ಒಂದು ಕಲೆ. "ಅವ್ವಾ, ನಿಮ್ಮ ಮಗ ನಕ್ಕಿದ್ ಫೋಟೋ ಒಂದಿದ್ರ ಕೊಡ್ರಿ. ಹಲ್ಲು ಕೀಳಿಸಿದ್ದು, ಬಿದ್ದು ಮುರ್ಕೊಂಡಿದ್ದು ಏನರ ನೆನಪೈತೇನ್ರಿ?" ಇಷ್ಟೇ ಸಾಕು. ಇದನ್ನು ವಿದ್ಯಾರ್ಥಿಗಳು ಒಬ್ಬರ ಮುಂದೆ ಒಬ್ಬರು ಕೂತು ಅಭ್ಯಾಸ ಮಾಡಬೇಕು, ಇಂಗ್ಲಿಷ್ ಫಾರ್ಮ್ ಓದಿ ಹೇಳುವುದಲ್ಲ.

ವಯಸ್ಸಿನ ಪ್ರಶ್ನೆ ಬದುಕಿರುವವರದ್ದೇ ಜಾಸ್ತಿ. ಬಾಲ್ಯವಿವಾಹ ನಮ್ಮ ಕಡೆ ಇನ್ನೂ ನಿಂತಿಲ್ಲ. ಹುಡುಗಿಗೆ 18 ತುಂಬಿದೆಯೇ ಇಲ್ಲವೇ, ಸಿಕ್ಕಿಬಿದ್ದ ಹುಡುಗ ಬಾಲಕನೇ ದೊಡ್ಡವನೇ ಅನ್ನುವುದರ ಮೇಲೆ ಕೇಸಿನ ದಿಕ್ಕೇ ಬದಲಾಗುತ್ತದೆ. ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಲ್ಲು ಬರುವುದು ಕೊನೆಗೆ.

ಮಕ್ಕಳ ವಯಸ್ಸನ್ನು ಹಲ್ಲು ಚೆನ್ನಾಗಿ ಹೇಳುತ್ತದೆ. ದವಡೆಯೊಳಗೆ ಹಲ್ಲು ಕಟ್ಟಿಕೊಳ್ಳುವ ಹಂತಗಳನ್ನು ಎಕ್ಸ್‌ರೇಯಲ್ಲಿ ನೋಡಿ ಎ ಇಂದ ಎಚ್ ತನಕ ಎಂಟು ಹಂತ ಮಾಡಿದವರು ಕೆನಡಾದ ಡೆಮಿರ್ಜಿಯನ್, 1973ರಲ್ಲಿ. ಅವರು ನೋಡಿದ್ದು ಅಲ್ಲಿನ ಫ್ರೆಂಚ್ ಮೂಲದ ಮಕ್ಕಳನ್ನು. ಆ ಲೆಕ್ಕವನ್ನು ನಮ್ಮ ಮಕ್ಕಳಿಗೆ ಹಾಗೇ ಹಾಕಿದರೆ ತಪ್ಪು ಬರುತ್ತದೆ. ಭಾರತೀಯರಿಗೆ ಬೇರೆ ಸೂತ್ರ ಬೇಕು ಅಂತ ಕೆಲಸ ಮಾಡಿದವರು ನಮ್ಮ ಪಕ್ಕದ ಧಾರವಾಡದ ಡಾ. ಅಶಿತ್ ಆಚಾರ್ಯ. ಬುದ್ಧಿಹಲ್ಲನ್ನೂ ಸೇರಿಸಿದ ಅವರ ಸೂತ್ರ 2011ರಲ್ಲಿ ಪ್ರಕಟವಾಯಿತು. 18ರ ಆಸುಪಾಸಿನಲ್ಲಿ ಬೆಳೆಯುತ್ತಿರುವ ಹಲ್ಲು ಅಂದರೆ ಬುದ್ಧಿಹಲ್ಲು ಒಂದೇ. ಅದೋ, ಕೆಲವರಲ್ಲಿ 17ಕ್ಕೆ ಹುಟ್ಟುತ್ತದೆ, ಕೆಲವರಲ್ಲಿ 25ಕ್ಕೆ, ಕೆಲವರಲ್ಲಿ ಹುಟ್ಟುವುದೇ ಇಲ್ಲ. ಹಾಗಾಗಿ "ವಯಸ್ಸು 18" ಅಂತ ಬರೆಯುವ ವಿದ್ಯಾರ್ಥಿಗೆ ಅಂಕ ಕೊಡಬಾರದು. ಇಷ್ಟರಿಂದ ಇಷ್ಟರ ನಡುವೆ ಅಂತ ಬರೆಯಬೇಕು. ಆ ಅಂತರದ ಮಧ್ಯೆ 18 ಬಂದರೆ, ಹೇಳಲಾಗದು ಅಂತ ಧೈರ್ಯವಾಗಿ ಬರೆಯಬೇಕು. ಒಬ್ಬ ಹುಡುಗಿಯ ಬಾಳು ಆ ಸಾಲಿನ ಮೇಲೆ ನಿಂತಿರುತ್ತದೆ.

ಕಚ್ಚಿದ ಗಾಯದ ವಿಷಯಕ್ಕೆ ಬಂದರೆ ಈ ಎಚ್ಚರಿಕೆ ಇನ್ನೂ ಜಾಸ್ತಿ ಬೇಕು. ವಿದ್ಯಾರ್ಥಿಗಳಿಗೆ ಅತಿ ಇಷ್ಟವಾಗುವ ಪಾಠ ಇದೇ, ಅದಕ್ಕೇ ಹೆದರಿಕೆ. 2012ರ ದೆಹಲಿಯ ನಿರ್ಭಯಾ ಪ್ರಕರಣದಲ್ಲಿ ಗಾಯದ ಫೋಟೋಗಳನ್ನೂ ಆರೋಪಿಗಳ ಹಲ್ಲಿನ ಅಚ್ಚುಗಳನ್ನೂ ಹೋಲಿಸಿ ವರದಿ ಕೊಟ್ಟವರು ಅದೇ ಡಾ. ಆಚಾರ್ಯ. 2017ರ ಮೇ 5ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ವರದಿಯನ್ನು ಒಪ್ಪಿತು. ಬೆಳಗಾವಿಯಿಂದ ಒಂದೂವರೆ ತಾಸಿನ ದಾರಿಯ ಊರಿನ ವಿದ್ಯೆ ದೇಶದ ದೊಡ್ಡ ಕೋರ್ಟಿನವರೆಗೆ ಹೋಗಿದ್ದು ನಮಗೆಲ್ಲ ಹೆಮ್ಮೆ. ಆದರೆ ಆ ಕೇಸಿನಲ್ಲಿ ಡಿಎನ್‌ಎ, ಸಾಯುವ ಮುನ್ನಿನ ಹೇಳಿಕೆ, ಪ್ರತ್ಯಕ್ಷ ಸಾಕ್ಷಿ ಎಲ್ಲ ಜೊತೆಗಿದ್ದವು. ಹಲ್ಲಿನ ಗುರುತು ಒಂಟಿಯಾಗಿ ನಿಂತಿರಲಿಲ್ಲ.

ಅದನ್ನೇ ಮುಖ್ಯ ಆಧಾರ ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ರೇ ಕ್ರೋನ್ ಎಂಬವರ ಕಥೆಯನ್ನೂ ಅದೇ ಕ್ಲಾಸಿನಲ್ಲಿ ಹೇಳಬೇಕು. ಅರಿಜೋನಾದಲ್ಲಿ ಕೊಲೆಯಾದ ಹೆಂಗಸಿನ ಮೈಮೇಲಿನ ಗುರುತು ಇವರ ಸೊಟ್ಟ ಹಲ್ಲಿಗೆ ಹೋಲುತ್ತದೆ ಅಂತ ತಜ್ಞರು ಹೇಳಿದರು. 1992ರಲ್ಲಿ ಮರಣದಂಡನೆಯ ತೀರ್ಪು ಬಂತು. 2002ರಲ್ಲಿ ಡಿಎನ್‌ಎ ಬೇರೆಯವನನ್ನು ತೋರಿಸಿದ ಮೇಲೆ ಹೊರಬಂದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2022ರಲ್ಲಿ ಹೊರತಂದ ಕರಡು ವರದಿಯಲ್ಲಿ ಕಚ್ಚಿದ ಗುರುತಿನ ಹೋಲಿಕೆಗೆ ಸಾಕಷ್ಟು ವೈಜ್ಞಾನಿಕ ಬುನಾದಿ ಇಲ್ಲ ಅಂತಲೇ ಹೇಳಿದೆ. ಕಾರಣ ಚರ್ಮ. ಅದು ಹಿಗ್ಗುತ್ತದೆ, ಬಾಯುತ್ತದೆ, ಬಣ್ಣ ಬದಲಾಯಿಸುತ್ತದೆ. ವಿದ್ಯಾರ್ಥಿಗಳು ತಮ್ಮದೇ ಮುಂಗೈಯನ್ನು ಮೆಲ್ಲಗೆ ಕಚ್ಚಿ, ಕೈ ಚಾಚಿ ಒಂದು ಫೋಟೋ, ಮಡಚಿ ಒಂದು ಫೋಟೋ ತೆಗೆದು ಅಳತೆ ಮಾಡಿ ನೋಡಲಿ. ಒಂದೇ ಹಲ್ಲು, ಒಂದೇ ಕೈ, ಅಳತೆ ಎರಡು. ಇದಾದ ಮೇಲೆ ನಾನು ಬೇರೆ ಭಾಷಣ ಮಾಡಬೇಕಿಲ್ಲ.

ಹಾಗಾದರೆ ಕಚ್ಚಿದ ಗಾಯ ಕಂಡರೆ ಏನೂ ಮಾಡಬೇಡಿ ಅಂತಲ್ಲ. ತೊಳೆಯುವ ಮೊದಲು ಜೊಲ್ಲಿನ ಸ್ಯಾಂಪಲ್ ತೆಗೆಯಬೇಕು, ಮೊದಲು ಒದ್ದೆ ಹತ್ತಿಯಿಂದ, ಅದೇ ಜಾಗದಲ್ಲಿ ಮತ್ತೆ ಒಣ ಹತ್ತಿಯಿಂದ. ಅದರ ಡಿಎನ್‌ಎ ಹಲ್ಲಿನ ಹೋಲಿಕೆಗಿಂತ ಗಟ್ಟಿ ಸಾಕ್ಷಿ. ಆಮೇಲೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ನೇರವಾಗಿ ಫೋಟೋ. ಮಗುವಿನ ಮೈಮೇಲೆ ಇಂಥ ಗಾಯ, ಮೇಲ್ದುಟಿಯ ಒಳಗಿನ ಎಳೆ ಹರಿದದ್ದು, ಕಾರಣ ಹೇಳಲಾಗದ ಮುರಿದ ಹಲ್ಲು ಕಂಡರೆ ಹಿಂಸೆಯ ಅನುಮಾನ ಬರಬೇಕು. ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರಂತೂ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸುಮ್ಮನಿದ್ದರೆ ಶಿಕ್ಷೆ. ಇದು ಪ್ರತಿ ಹಲ್ಲಿನ ಡಾಕ್ಟರ್‌ಗೂ ಗೊತ್ತಿರಬೇಕಾದ ಮಾತು.

ಶವಾಗಾರಕ್ಕೆ ಒಂದು ಭೇಟಿಯಾದರೂ ಬೇಕು. ದವಡೆ ಬಿಗಿದಿರುತ್ತದೆ, ಬೆಳಕು ಕಡಿಮೆ, ವಾಸನೆ ಇರುತ್ತದೆ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು, ಆಮೇಲೆ ಜಾಗ ಬದಲಿಸಿ ಮತ್ತೊಮ್ಮೆ ನೋಡಬೇಕು. ಇಂಟರ್‌ಪೋಲ್ ಫಾರ್ಮ್‌ಗಳಲ್ಲಿ ಬದುಕಿದ್ದಾಗಿನ ವಿವರಕ್ಕೆ ಹಳದಿ, ಸತ್ತ ಮೇಲಿನದಕ್ಕೆ ಗುಲಾಬಿ ಬಣ್ಣ. ಎರಡನ್ನೂ ಒಂದೇ ಜನ ತುಂಬಬಾರದು ಅನ್ನುವುದು ನನ್ನ ಹಟ. ಹಳದಿ ಫಾರ್ಮ್ ಮೊದಲೇ ಓದಿದವನ ಕಣ್ಣು ಶವದ ಬಾಯಲ್ಲಿ ಅದನ್ನೇ ಹುಡುಕುತ್ತದೆ.

ವರದಿ ಕನ್ನಡದಲ್ಲೂ ಬರೆಯಲು ಬರಬೇಕು. ಪಂಚನಾಮೆ ಬರೆಯುವ ಪೇದೆ, ತನಿಖೆ ಮಾಡುವ ಪಿಎಸ್‌ಐ ಕೈಗೆ "ಡಿಸ್ಟೋ ಆಕ್ಲೂಸಲ್" ಅಂತ ಕೊಟ್ಟರೆ ಏನು ಉಪಯೋಗ? "ಕೆಳಗಿನ ಎಡಗಡೆ ಹಿಂದಿನಿಂದ ಮೂರನೇ ದವಡೆ ಹಲ್ಲಿಗೆ ಬಿಳಿ ಲೋಹದ ಕ್ಯಾಪ್" ಅಂತ ಕೊಟ್ಟರೆ ಪೇಪರಿನ ಆ ಸಣ್ಣ ಸುದ್ದಿಯಲ್ಲಿ ಅದು ಅಚ್ಚಾಗುತ್ತದೆ. ಓದಿದ ಯಾವುದೋ ಮನೆಯವರಿಗೆ ಹೊಳೆಯುತ್ತದೆ.

ಇದೆಲ್ಲ ದೊಡ್ಡ ವ್ಯವಸ್ಥೆ, ನಾಳೆಯೇ ಆಗುವುದಿಲ್ಲ ಅನ್ನುವವರಿಗೆ ಈ ವಾರವೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಹಲ್ಲಿನ ಸೆಟ್ ಕಟ್ಟಿಸಿಕೊಳ್ಳುವ ಅಜ್ಜ ಅಜ್ಜಿಯರು ಪ್ರತಿ ಕಾಲೇಜಿಗೂ ಬರುತ್ತಾರೆ. ಅವರ ಬಾಯಲ್ಲಿ ಹಲ್ಲೇ ಇಲ್ಲ, ಹೋಲಿಸುವುದಕ್ಕೆ ಏನೂ ಉಳಿದಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡರೂ, ಮರೆವು ಬಂದು ಮನೆ ಬಿಟ್ಟು ಹೋದರೂ ಸೆಟ್ ಜೊತೆಗೇ ಇರುತ್ತದೆ. ಸೆಟ್ ಕೊಡುವ ಮುನ್ನ ಮೇಲಿನದರಲ್ಲಿ ಅಂಗುಳಿನ ಹಿಂಭಾಗಕ್ಕೆ, ಕೆಳಗಿನದರಲ್ಲಿ ನಾಲಿಗೆಯ ಬದಿಗೆ ಸಣ್ಣ ಗುಂಡಿ ತೋಡಿ. ಹೆಸರು, ಊರು, ಆಸ್ಪತ್ರೆಯ ನಂಬರ್ ಬರೆದ ತೆಳು ಪಟ್ಟಿ ಅದರಲ್ಲಿಡಿ. ಪಟ್ಟಿ ಕಾಗದದ್ದಾದರೆ ಬೆಂಕಿಗೆ ಉಳಿಯುವುದಿಲ್ಲ, ತೆಳು ಸ್ಟೀಲಿನದಾದರೆ ಉಳಿಯುತ್ತದೆ. ಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಹಾಕಿ ಪಾಲಿಶ್ ಮಾಡಿದರೆ ಮುಗಿಯಿತು. ಹೆಸರು ಹಾಕುವ ಮೊದಲು ಅಜ್ಜನನ್ನು ಒಂದು ಮಾತು ಕೇಳಿ, ಒಪ್ಪಿದರೆ ಮಾತ್ರ ಹಾಕಿ. ಆಮೇಲೆ ಅದೇ ನಂಬರನ್ನು ಅವರ ಕೇಸ್ ಪೇಪರಿನ ಮೇಲೂ ಬರೆದಿಡಿ.